ಮೇಡಂ ದನಿಯಲ್ಲಿ ಒಂದು ‘ಬ್ಯಾಡ್ರಿ’

ಮೊದಲೇ ಹೇಳಿಬಿಡುತ್ತೇನೆ. ಸುಮಂಗಲಾ ಮೇಡಂ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದದ್ದು ನನ್ನಿಂದ. ಓದಿದವರು ಅವರು, ಫೀಸು ಕಟ್ಟಿದವರು ಅವರು, ಯಶವಂತಪುರದ ಕ್ಲಾಸಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿಬಂದವರೂ ಅವರೇ. ಫೇಲು ಮಾಡಿಸಿದ್ದು ಮಾತ್ರ ನನ್ನ ಬಾಯಿ. ಅದೂ ಅವರದೇ ದನಿಯಲ್ಲಿ.

ನಾನು ಮಂಜುನಾಥ, ಮತ್ತಿಕೆರೆಯವನು. ಕೆಲವರ ಹೆಸರಿನ ಹಿಂದೆ ಪದವಿಯ ಅಕ್ಷರಗಳಿರುತ್ತವೆ. ನನ್ನ ಹೆಸರಿನ ಹಿಂದೆ ಇದ್ದದ್ದು ‘ಎಲ್ಲಿ ಹಾಳಾಗ್ಹೋದ ಇವ್ನು’ ಎಂಬ ಕೂಗು. ಹೆಬ್ಬಾಳದಿಂದ ತಣಿಸಂದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಗಾಜಿನ ಆಫೀಸು ಕಟ್ಟಡವಿದೆ. ಅದರ ನಿರ್ವಹಣೆಯ ಕೆಲಸದಲ್ಲಿ ಬಹಳ ವರ್ಷ ಇದ್ದು ಈಗ ನಿವೃತ್ತನಾಗಿದ್ದೇನೆ. ನಿವೃತ್ತ ಎಂದ ಕೂಡಲೇ ಮಫ್ಲರು, ಊರುಗೋಲು ಎಂದೆಲ್ಲ ಊಹಿಸಬೇಡಿ. ನನಗಿನ್ನೂ ನಲವತ್ತಾಗಿಲ್ಲ. ತಲೆಯ ಮೇಲೆ ಕೂದಲಿದೆ, ಒಳಗೇನೂ ಇಲ್ಲ ಎಂಬುದು ಹೆಂಡತಿಯ ವರದಿ. ಈಗ ಆರ್.ಟಿ. ನಗರದ ಒಂದು ಪುಟ್ಟ ಸ್ಟುಡಿಯೋದಲ್ಲಿ ಕೂತು ದನಿ ಕೊಡುತ್ತೇನೆ. ಲಿಫ್ಟಿನೊಳಗೆ ‘ಬಾಗಿಲು ಮುಚ್ಚುತ್ತಿದೆ’ ಎಂದು ಭಾರಿ ಗಂಭೀರವಾಗಿ ಹೇಳುವ ಗಂಡಸರಿದ್ದಾರಲ್ಲ, ಅವರಲ್ಲೊಬ್ಬ ನಾನು. ಊರಿನ ಯಾವ ಯಾವುದೋ ಕಟ್ಟಡದ ಬಾಗಿಲು ಮುಚ್ಚುತ್ತೇನೆ, ತೆಗೆಯುತ್ತೇನೆ. ನನ್ನ ಕಟ್ಟಡದ ಬಾಗಿಲು ಮಾತ್ರ ನಾನೇ ಮುಚ್ಚಿಕೊಂಡು ಬಂದೆ.

ಇದನ್ನು ಬರೆಯಲು ಹೇಳಿದವರೂ ಮೇಡಂ. ಅವರೀಗ ಹುಬ್ಬಳ್ಳಿಯಲ್ಲಿದ್ದಾರೆ. ಅಲ್ಲೊಂದು ದೊಡ್ಡ ವಾಣಿಜ್ಯ ಸಂಕೀರ್ಣ ನೋಡಿಕೊಳ್ಳುತ್ತ, ವಾರಕ್ಕೊಮ್ಮೆ ಅದೇ ಪರೀಕ್ಷೆಗೆ ಹೊಸಬರಿಗೆ ಪಾಠ ಹೇಳುತ್ತಾರೆ. ಮೊನ್ನೆ ಫೋನಿನಲ್ಲಿ, “ಮಂಜುನಾಥ, ನಿಮ್ಮ ಕಥಿ ಬರದು ಕೊಡ್ರಿ. ನಮ್ಮ ಹುಡುಗ್ರು ಓದ್ಲಿ. ಏನೇನ್ ಮಾಡಬಾರದು ಅಂತ ತಿಳೀತದ,” ಎಂದರು. ಮಾದರಿ ವ್ಯಕ್ತಿ ಎಂದು ಕರೆಸಿಕೊಳ್ಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಒಂದು ಮಾತು. ಕಟ್ಟಡ ನಿರ್ವಹಣೆ ಎಂದರೆ ಸೂಟು ಹಾಕಿಕೊಂಡು ಲಾಬಿಯಲ್ಲಿ ಓಡಾಡುವುದು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅವರು ಲಾಬಿಯಿಂದ ಮುಂದಕ್ಕೆ ಹೋದವರಲ್ಲ. ಮೂರನೇ ಮಹಡಿಯವರು ಫೋನು ಮಾಡಿ ‘ಗುರು, ಇಲ್ಲಿ ಐಸ್ ಆಗೋಗ್ತಿದ್ದೀವಿ’ ಅನ್ನುತ್ತಾರೆ. ಫೋನು ಇಡುವಷ್ಟರಲ್ಲಿ ಅದೇ ಮಹಡಿಯ ಇನ್ನೊಂದು ಮೂಲೆಯವರು ‘ಏನ್ರೀ, ಇಡ್ಲಿ ಥರ ಬೇಯ್ತಿದ್ದೀವಿ’ ಅನ್ನುತ್ತಾರೆ. ಇಬ್ಬರಿಗೂ ಗಾಳಿ ಬರುವುದು ಒಂದೇ ಕೊಳವೆಯಿಂದ. ನಾನು ಇಬ್ಬರಿಗೂ ಅವರವರ ದನಿಯಲ್ಲೇ ಸಮಾಧಾನ ಹೇಳುತ್ತಿದ್ದೆ. ತಾನೇ ತನಗೆ ಸಮಾಧಾನ ಹೇಳಿಕೊಂಡಂತಾಗಿ ಅರ್ಧ ಜನ ಸುಮ್ಮನಾಗಿಬಿಡುತ್ತಿದ್ದರು.

ಆದರೂ ಆ ಬೆಳಗುಗಳು! ಫಿನಾಯಿಲ್ ವಾಸನೆಯ ಒದ್ದೆ ನೆಲ, ಗಾಜಿನ ಮೇಲೆ ವಾಲಿಕೊಂಡು ಬರುವ ಎಳೆಬಿಸಿಲು, ಜನರೇಟರು ಕೆಮ್ಮಿ ಕೆಮ್ಮಿ ಶುರುವಾಗುವ ಸದ್ದು, ತಾರಸಿಯಲ್ಲಿ ನಿಂತರೆ ಒಂದು ಕಡೆ ಹೆಬ್ಬಾಳದ ಕೆರೆ, ಇನ್ನೊಂದು ಕಡೆ ದೇವನಹಳ್ಳಿಗೆ ಇಳಿಯಲು ಸಾಲುಗಟ್ಟಿದ ವಿಮಾನ. ಸ್ಟುಡಿಯೋದಲ್ಲಿ ಗೋಡೆಗೆಲ್ಲ ಸ್ಪಂಜು ಹೊದಿಸಿದ್ದಾರೆ, ಹೊರಗಿನದೊಂದೂ ಕೇಳಿಸುವುದಿಲ್ಲ. ಆದರೂ ಕಣ್ಣು ಮುಚ್ಚಿದರೆ ನನಗೆ ಜನರೇಟರು ಕೇಳಿಸುತ್ತದೆ. ಹುಚ್ಚು ಅಂದುಕೊಳ್ಳಿ.

ಕಟ್ಟಡದ ಮಾಲೀಕರು ಚಿಕ್ಕಮುನಿಯಪ್ಪನವರು. ಅಲ್ಲಿಯ ಹಳೆಯ ಹಳ್ಳಿಯವರು. ಆ ಜಾಗದಲ್ಲಿ ಮೊದಲು ಅವರ ದ್ರಾಕ್ಷಿ ತೋಟವಿತ್ತು. ಗೇಟಿನ ಪಕ್ಕ ಉಳಿದಿದ್ದ ಒಂದೇ ಒಂದು ಹೊಂಗೆಮರದ ಕೆಳಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಿಳಿ ಪಂಚೆ, ಕೈಯಲ್ಲಿ ಎಲೆಯಡಿಕೆ. ಲಿಫ್ಟು ರಿಪೇರಿಗೆ ಬಂದವರಿಗೆಲ್ಲ, “ಇಲ್ಲೇ ಕಣ್ರಪ್ಪಾ ನಮ್ ಬಾವಿ ಇದ್ದದ್ದು. ಆವಾಗ್ಲೂ ಅಗ್ಗ ಇಳಿಯೋದು, ಏರೋದು. ಈಗ್ಲೂ ಇಂಗೆ ಇಳೀತೈತೆ, ಏರ್ತೈತೆ,” ಎಂದು ವಿವರಿಸುತ್ತಿದ್ದರು. ಅವರನ್ನು ಅಣಕಿಸುವುದು ನನಗೆ ಎಲೆಯಡಿಕೆ ಜಗಿದಷ್ಟು ಸುಲಭವಾಗಿತ್ತು. ಒಮ್ಮೆ ಅವರ ಬೆನ್ನಿಗೇ ನಿಂತು ಅಣಕಿಸಿದ್ದೆ. ತಿರುಗಿಯೂ ನೋಡದೆ, “ಚೆನ್ನಾಗೈತೆ. ಆದ್ರೆ ನಾನು ಅಷ್ಟ್ ಕೆಮ್ಮಲ್ಲ ಕಣ್ಲಾ,” ಎಂದಿದ್ದರು.

ಸುಮಂಗಲಾ ಮೇಡಂ ನಮ್ಮ ಮ್ಯಾನೇಜರು. ಹುಬ್ಬಳ್ಳಿ ಕಡೆಯವರು. ಕಟ್ಟಡ ತೆರೆದಾಗ ಸ್ವಾಗತದ ಮೇಜಿಗೆಂದು ಬಂದವರು, ಇದ್ದ ಮ್ಯಾನೇಜರುಗಳೆಲ್ಲ ಒಬ್ಬೊಬ್ಬರಾಗಿ ಓಡಿಹೋದ ಮೇಲೆ ಅದೇ ಕುರ್ಚಿಗೆ ಬಂದು ಕೂತಿದ್ದರು. ಅವರ ಪ್ರಸಿದ್ಧ ಮಾತು ‘ಬ್ಯಾಡ್ರಿ’. ಪೆನ್ನಿನ ತುದಿಯಿಂದ ಮೇಜಿಗೆ ಒಂದು ಕುಟುಕು, ಮೂಗಿನಿಂದ ಸಣ್ಣ ಉಸಿರು, ಆಮೇಲೆ ‘ಬ್ಯಾಡ್ರೀ’ ಎಂದು ಕೊನೆಯಲ್ಲಿ ಎಳೆತ. ನಾನು ಇದನ್ನು ಮಾಡಿದರೆ ಎಲೆಕ್ಟ್ರಿಷಿಯನ್ನುಗಳು ಚಹಾ ಲೋಟ ಕೆಳಗಿಟ್ಟು ನಗುತ್ತಿದ್ದರು.

ಆದರೆ ಆ ‘ಬ್ಯಾಡ್ರಿ’ಗೆ ಬೆಲೆ ಇರಲಿಲ್ಲ. ಕೆಳಗಿನ ಅಂಗಳದಲ್ಲಿ ಚಿಕ್ಕಮುನಿಯಪ್ಪನವರ ಅಳಿಯನ ಹೋಟೆಲಿತ್ತು. ಒಂದು ದಿನ ಅವನು ಸಂದರ್ಶಕರ ವಾಹನ ನಿಲ್ಲುವ ಜಾಗದಲ್ಲಿ ತಂದೂರಿ ಒಲೆ ಇಡಬೇಕೆಂದ. ಮೇಡಂ ಬ್ಯಾಡ್ರಿ ಎಂದರು. ಮಾವನವರು ಹೊಂಗೆಮರದ ಕೆಳಗಿಂದಲೇ, “ಆಗಾಕಿಲ್ಲ ಅಂದ್ರೆ ಏಳವ್ವ. ಆಯ್ತದೆ ಅನ್ನೋರು ಗೇಟಾಚೆ ಸಾಲ್‌ಗಟ್ಟಿ ನಿಂತವ್ರೆ,” ಎಂದರು. ಬೈಗುಳವಲ್ಲ, ಬರೀ ಮಾಹಿತಿ. ಮೇಡಂ ಒಳಗೆ ಹೋದರು. ಸಂಜೆಯೊಳಗೆ ಒಲೆ ಹೊಗೆಯಾಡುತ್ತಿತ್ತು. ಆವತ್ತು ಚಹಾದ ಹೊತ್ತಿಗೆ ನಾನು ಅವರ ಮುಂದೆಯೇ ಮಾಲೀಕರ ದನಿಯಲ್ಲಿ ಆ ಮಾತನ್ನು ಮತ್ತೆ ಹೇಳಿ ತೋರಿಸಿದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಕಣ್ಣು ಮಾತ್ರ ಕಿಟಕಿಯ ಕಡೆ ಇತ್ತು.

ಅಷ್ಟರಲ್ಲಿ ಖಾಲಿಯಿದ್ದ ಮೇಲಿನ ಮಹಡಿಗಳನ್ನೆಲ್ಲ ಒಟ್ಟಿಗೆ ಬಾಡಿಗೆಗೆ ತೆಗೆದುಕೊಳ್ಳಲು ಒಂದು ದೊಡ್ಡ ಕಂಪನಿ ಬಂತು. ಅವರ ಕಡೆಯವರು ಎಲ್ಲ ನೋಡಿದರು, ಎಲ್ಲ ಒಪ್ಪಿದರು. ಕೊನೆಗೆ, ಕಟ್ಟಡ ನಿರ್ವಹಣೆಯ ವೃತ್ತಿ ಪರೀಕ್ಷೆ ಪಾಸಾದ ಮ್ಯಾನೇಜರು ಇಲ್ಲಿ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇರಲಿಲ್ಲ. ಹಾಗಿದ್ದರೆ ನಾವು ಬರುವುದರೊಳಗೆ ಒಬ್ಬರಿರಬೇಕು, ಇದು ಕರಾರಿನ ಷರತ್ತು ಎಂದರು.

ಮಾಲೀಕರು ಮೇಡಂ ಅವರನ್ನು ಮರದ ಕೆಳಗೆ ಕರೆಸಿದರು. “ನೋಡವ್ವ, ಅದೇನೋ ಪಾಸ್ ಮಾಡ್ಬೇಕಂತೆ. ನೀನು ಮಾಡ್ಕೊಂಡ್ರೆ ನೀನೇ ಇರು. ಇಲ್ಲಾಂದ್ರೆ ಒರಗಿನ ಕಂಪ್ನಿಗೆ ಬಿಲ್ಡಿಂಗ್ ವಹಿಸಿಬಿಡ್ತೀನಿ. ಅವ್ರು ಅವ್ರ ಜನಾನ ತಂದ್ಕೋತಾರೆ.”

ಅವರ ಜನ ಎಂದರೆ ನಮ್ಮಲ್ಲಿ ಯಾರೂ ಅಲ್ಲ. ಮೇಡಂ ಕುರ್ಚಿ, ಅದರ ಹಿಂದೆಯೇ ನನ್ನ ಕುರ್ಚಿ, ಗೇಟಿನ ರುದ್ರಪ್ಪನ ಸ್ಟೂಲು, ಎಲ್ಲವೂ ಆ ಒಂದು ಪರೀಕ್ಷೆಯ ಕಾಲಿಗೆ ಕಟ್ಟಿಕೊಂಡವು.

ಮೇಡಂ ಐವತ್ತರ ಹತ್ತಿರ ಬಂದು ಮತ್ತೆ ವಿದ್ಯಾರ್ಥಿನಿಯಾದರು. ಊಟದ ಹೊತ್ತಿನಲ್ಲಿ ರೊಟ್ಟಿ ಒಂದು ಕೈಯಲ್ಲಿ, ಪುಸ್ತಕ ಇನ್ನೊಂದರಲ್ಲಿ. ನಾನು ಬಿಡುತ್ತೇನೆಯೆ? ಅವರ ಕೋಣೆಯ ನಾಮಫಲಕದಲ್ಲಿ ಹೆಸರಿನ ಪಕ್ಕ ಉದ್ದ ಕಾಗದ ಅಂಟಿಸಿ ‘ಅಕ್ಷರಗಳಿಗೆ ಜಾಗ ಕಾಯ್ದಿರಿಸಲಾಗಿದೆ’ ಎಂದು ಬರೆದೆ. “ಮೇಡಂ, ಪಾಸಾದ್ಮೇಲೆ ನೀವು ಗುಡ್ ಮಾರ್ನಿಂಗ್ ಹೇಳಿದ್ರೂ ಸಹಿ ಹಾಕಿ ಹೇಳ್ಬೇಕಾ?” ಎಂದು ಕೇಳಿದೆ.

“ನಿಮ್ಮ ಬಾಯಿಗೆ ಒಂದು ಲೈಸೆನ್ಸ್ ಬೇಕು ನೋಡ್ರಿ ಮೊದ್ಲು,” ಎಂದರು.

ಆಗ ನನ್ನ ಸಿದ್ಧಾಂತ ಏನೆಂದರೆ, ಇಷ್ಟು ವರ್ಷ ಕಟ್ಟಡ ನಡೆಸಿದವರಿಗೆ ಪುಸ್ತಕ ಏನು ಹೇಳಿಕೊಟ್ಟೀತು? ನಿಮ್ಮಲ್ಲೂ ಹೀಗೆ ಅಂದುಕೊಳ್ಳುವವರಿರುತ್ತಾರೆ. ನನ್ನ ಸಿದ್ಧಾಂತ ಬಿದ್ದುಹೋದದ್ದು ಒಂದು ಇಟ್ಟಿಗೆಯಿಂದ. ನಮ್ಮ ಹಿಂದಿನ ಮೆಟ್ಟಿಲಿಗೆ ಪ್ರತಿ ಮಹಡಿಯಲ್ಲೂ ಭಾರವಾದ ಕಬ್ಬಿಣದ ಬಾಗಿಲು. ಗಾಳಿಯಾಡಲಿ, ಜನಕ್ಕೆ ಓಡಾಡಲು ಸಲೀಸಾಗಲಿ ಎಂದು ಪ್ರತಿ ಬಾಗಿಲಿಗೂ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದೆವು. ಹಾಗೆ ಇಡಿಸಿದ್ದು ಸ್ವತಃ ಮೇಡಂ. ಒಂದು ದಿನ ಕ್ಲಾಸಿನಿಂದ ಬಂದವರು ಚೀಲ ಕೂಡ ಇಡದೆ ನೇರವಾಗಿ ಹಿಂದಿನ ಮೆಟ್ಟಿಲಿಗೆ ಹೋಗಿ ಒಂದೊಂದೇ ಇಟ್ಟಿಗೆ ಎತ್ತತೊಡಗಿದರು.

“ಏನಾಯ್ತು ಮೇಡಂ?”

“ಈ ಬಾಗ್ಲಾ ಮುಚ್ಚಿಕೊಂಡs ಇರಬೇಕ್ರಿ. ಬೆಂಕಿ ಬಿದ್ರ ಹೊಗಿ ಮೆಟ್ಟಲಾಗ ಬರಬಾರದು ಅಂತ ಹಚ್ಚಿದ್ದು. ಮಂದಿ ಇಳಿಯೂದು ಇದರಾಗs ಅಲ್ಲ?” ಎಂದವರು ಇಟ್ಟಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಅಲ್ಲೇ ನಿಂತರು. “ಇಷ್ಟು ವರ್ಷ ನಾನs ತೆರಸಿ ಇಟ್ಟಿದ್ದೆ ಮಂಜುನಾಥ. ನಾಕು ಮಂದಿಗೆ ಉಪಕಾರ ಮಾಡೀನಿ ಅಂತ ತಿಳಕೊಂಡಿದ್ದೆ.”

ಅಣಕಿಸಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಉಳಿದ ಇಟ್ಟಿಗೆಗಳನ್ನು ನಾನೇ ಎತ್ತಿದೆ. ಅನುಭವ ನಮಗೆ ಹೇಳಿಕೊಟ್ಟದ್ದು ಆವರೆಗೆ ಬೆಂಕಿ ಬಿದ್ದಿಲ್ಲ ಎಂಬುದೊಂದನ್ನೇ.

ಈಗ ನನ್ನ ಘನಕಾರ್ಯ. ಆ ಪರೀಕ್ಷೆಗೆ ಬರವಣಿಗೆಯ ಭಾಗವೊಂದು, ಪ್ರಾಯೋಗಿಕ ಭಾಗವೊಂದು. ಬರೆದು ಮೇಡಂ ಪಾಸಾದರು. ಪ್ರಾಯೋಗಿಕ ಎಂದರೆ ಪರೀಕ್ಷಕರೇ ಕಟ್ಟಡಕ್ಕೆ ಬಂದು ಅಡಿಯಿಂದ ಮುಡಿಯವರೆಗೆ ನಡೆದು ನೋಡುತ್ತಾರೆ. ಅದರ ಹಿಂದಿನ ದಿನ ಮೇಡಂ ಕೊನೆಯ ಕ್ಲಾಸಿಗೆಂದು ಯಶವಂತಪುರಕ್ಕೆ ಹೋಗಿದ್ದರು.

ನಮ್ಮಲ್ಲಿ ಎಲ್ಲ ಕೆಲಸ ನಡೆಯುತ್ತಿದ್ದದ್ದು ವಾಕಿಟಾಕಿಯ ಮೇಲೆ. ಸಾಮಾನು ಒಳಗೆ ಬರಬೇಕೆ, ನೀರು ನಿಲ್ಲಿಸಬೇಕೆ, ಕೀಲಿ ಕೊಡಬೇಕೆ, ಒಂದು ದನಿ ‘ಹೂಂ’ ಎಂದರೆ ಸಾಕು. ಮೇಡಂ ಹೇಳಿದರು ಎಂದರೆ ಅದೇ ಪರವಾನಗಿ. ನಾನು ಎಲೆಕ್ಟ್ರಿಷಿಯನ್ನುಗಳ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆ. ಗೇಟಿನ ಕಾವಲಿನ ರುದ್ರಪ್ಪನ ದನಿ ಬಂತು. “ಮೇಡಂ, ಅಳಿಯಂದ್ರು ಹೋಟ್ಲು ಬಣ್ಣ ಹೊಡಿಸ್ತಾವ್ರೆ. ಕುರ್ಚಿ ಟೇಬಲ್ಲೆಲ್ಲ ಎಲ್ಲಿಡೋದು ಅಂತಾವ್ರೆ. ಹಿಂದಿನ ಮೆಟ್ಲಲ್ಲಿ ಇಡ್ಲಾ ಅಂತ ಕೇಳ್ತಾವ್ರೆ. ಓವರ್.”

ಸುತ್ತ ನಗಲು ಸಿದ್ಧವಾದ ನಾಲ್ಕು ಮುಖ. ಇಂಥ ಸಮಯದಲ್ಲಿ ನಾನು ಮನುಷ್ಯನಲ್ಲ. ಗುಂಡಿ ಒತ್ತಿ, ಮೂಗಿನಿಂದ ಉಸಿರು ಬಿಟ್ಟು, “ಅಯ್ಯ, ಇಡಲಿ ಬಿಡ್ರಿ ರುದ್ರಪ್ಪ. ಮೆಟ್ಟಲ ಮ್ಯಾಲೆ ಸಾಲಾಗಿ ಇಡಸ್ರಿ. ನಾಳೆ ಪರೀಕ್ಷಾ ಮಾಡವ್ರು ಬರ್ತಾರಲ್ಲ, ಪಾಪ, ಕುಂದರಲಿಕ್ಕೆ ಅನುಕೂಲ ಆಗತದ,” ಎಂದೆ.

ಚಹಾ ಒಬ್ಬನ ಮೂಗಿನಿಂದ ಬಂತು. ಎಲ್ಲರೂ ನಕ್ಕೆವು. ಇದು ಕುಚೋದ್ಯ ಎಂದು ರುದ್ರಪ್ಪನಿಗೆ ತಿಳಿಯದಿರಲು ಸಾಧ್ಯವೇ ಎಂದುಕೊಂಡೆ. ಅಷ್ಟರಲ್ಲಿ ಐದನೇ ಮಹಡಿಯವರು ಇಡ್ಲಿಯಂತೆ ಬೇಯತೊಡಗಿದರು, ನಾನು ಓಡಿದೆ, ಮರೆತೆ. ಆಗಷ್ಟೇ ಪಾಳಿಗೆ ಬಂದಿದ್ದ ರುದ್ರಪ್ಪನಿಗೆ ಮೇಡಂ ಕ್ಲಾಸಿಗೆ ಹೋದದ್ದೂ ಗೊತ್ತಿರಲಿಲ್ಲ, ಗೇಟು ಬಿಟ್ಟು ಬರದವನು ನನ್ನ ‘ಬ್ಯಾಡ್ರಿ’ಯನ್ನು ಕೇಳಿಯೂ ಇರಲಿಲ್ಲ. ಪಾಪದ ಮನುಷ್ಯ ಅಳಿಯನ ಆಳುಗಳ ಜೊತೆ ನಿಂತು ಸಾಲಾಗಿ ಇಡಿಸಿದ.

ಮರುದಿನ ಪರೀಕ್ಷಕರು ಬಂದರು. ತೆಳ್ಳಗಿನ, ಮೆಲುದನಿಯ ಹಿರಿಯರು. ಬೂಟಿನ ಸದ್ದೂ ಮೆಲ್ಲಗೆ. ಜನರೇಟರು ನೋಡಿದರು, ತಲೆಯಾಡಿಸಿದರು. ನೀರಿನ ಪಂಪು, ತಲೆಯಾಡಿಸಿದರು. ಮೇಡಂ ಮುಖದಲ್ಲಿ ಬೆಳಕು. ಎರಡನೇ ಮಹಡಿಯಲ್ಲಿ ಹಿಂದಿನ ಮೆಟ್ಟಿಲ ಬಾಗಿಲು ತಳ್ಳಿದರು. ಅದು ಅಂಗೈಯಗಲ ತೆರೆದು ನಿಂತಿತು. ಸಂದಿಯಲ್ಲಿ ಕುರ್ಚಿಯ ಕಾಲುಗಳು ಕಾಣಿಸಿದವು, ಅದರಾಚೆ ಇನ್ನಷ್ಟು ಕಾಲುಗಳು.

ಮೇಡಂ ರುದ್ರಪ್ಪನನ್ನು ಕರೆಸಿದರು. “ಇದನ್ನ ಯಾರು ಇಡಲಿಕ್ಕೆ ಹೇಳಿದ್ರು?”

“ನೀವೇ ಅಲ್ವಾ ಮೇಡಂ?”

“ನಾನಾ?”

“ನಮ್ಮಪ್ಪನಾಣೆ ಮೇಡಂ, ಈ ಕಿವೀಲಿ ಕೇಳಿದ್ದೀನಿ. ಕುಂದರಲಿಕ್ಕೆ ಅನುಕೂಲ ಆಗತದ ಅಂದ್ರಿ.”

ಪರೀಕ್ಷಕರು ಒಮ್ಮೆ ಮೇಡಂ ಕಡೆ, ಒಮ್ಮೆ ರುದ್ರಪ್ಪನ ಕಡೆ ನೋಡಿದರು. ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವುದು ಅವರಿಗೆ ಸಹಜವೇ. ನಾನು ಮುಂದೆ ಬಂದು, “ಸಾರ್, ಅದು ನಾನು,” ಎಂದೆ. ರುದ್ರಪ್ಪ ನಂಬಲಿಲ್ಲ. “ನೀನ್ಯಾಕೆ ಅಡ್ಡ ಬರ್ತೀಯಾ ಮಂಜ, ಹೆಂಗಸಿನ ದನಿ ಕಣೋ ಅದು,” ಎಂದ. ಬೇರೆ ದಾರಿ ಇರಲಿಲ್ಲ. ಮೇಡಂ ಎದುರಿಗೆ, ಪರೀಕ್ಷಕರ ಎದುರಿಗೆ, ಮೂಗಿನಿಂದ ಉಸಿರು ಬಿಟ್ಟು, ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದೆ. ರುದ್ರಪ್ಪ ನನ್ನ ಬಾಯಿ ನೋಡಲಿಲ್ಲ. ಮುಚ್ಚಿಕೊಂಡಿದ್ದ ಮೇಡಂ ಬಾಯಿಯನ್ನೇ ನೋಡುತ್ತಿದ್ದ.

ನನ್ನ ಜೀವಮಾನದಲ್ಲಿ ಯಾರೂ ನಗದ ಮೊದಲ ಪ್ರದರ್ಶನ ಅದು.

ಪರೀಕ್ಷಕರು ಮೆಲ್ಲಗೆ ಕೇಳಿದರು, “ಅಮ್ಮಾ, ಹಾಗಾದ್ರೆ ನಿಮ್ಮ ಕಟ್ಟಡದಲ್ಲಿ ಜನ ತಪ್ಪಿಸಿಕೊಳ್ಳೋ ದಾರಿ ಮುಚ್ಚೋಕೆ ಒಂದು ದನಿ ಸಾಕು ಅಂದಂಗಾಯ್ತು?”

ಇವನೇ ಕಾರಣ, ಇವನನ್ನು ತೆಗೆದುಹಾಕುತ್ತೇನೆ ಎಂದು ಮೇಡಂ ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಇನ್ನೊಂದು ಅವಕಾಶ ಅಲ್ಲೇ ಸಿಗುತ್ತಿತ್ತು. ಅವರು, “ಸಾಕಿತ್ರಿ. ಅದು ಅವನ ತಪ್ಪಲ್ಲ, ನಾನು ಮಾಡಿಟ್ಟ ಪದ್ಧತಿ,” ಎಂದರು.

ಫೇಲು. ಮತ್ತೊಮ್ಮೆ ಬರಬಹುದು, ಆದರೆ ಕಂಪನಿಯವರು ಬರುವ ಹೊತ್ತಿಗೆ ಮುಟ್ಟಿದರೆ ಮುಟ್ಟೀತು, ಇಲ್ಲದಿದ್ದರೆ ಇಲ್ಲ ಎಂಬಷ್ಟು ತಡವಾಗಿ. ಪರೀಕ್ಷಕರನ್ನು ಗೇಟಿನವರೆಗೆ ಬಿಟ್ಟುಬಂದ ಮೇಡಂ ನನ್ನ ಕೈಗೆ ವಾಕಿಟಾಕಿ ಕೊಟ್ಟರು. “ಈಗ ನನ್ನ ದನೀಲೆ ಹೇಳ್ರಿ, ಎಲ್ಲಾ ಕುರ್ಚಿ ತೆಗಸ್ರಿ ಅಂತ.” ಗುಂಡಿ ಒತ್ತಿದೆ. ಮೂಗಿನಿಂದ ಉಸಿರು ಬಿಟ್ಟೆ. ದನಿ ಹೊರಡಲಿಲ್ಲ. ನನ್ನದೂ ಹೊರಡಲಿಲ್ಲ. ಹೋಗಿ ಒಂದೊಂದೇ ಕುರ್ಚಿ ಹೊತ್ತೆ.

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಯಾವ ಸಾಮಾನು, ಎಲ್ಲಿಗೆ, ಯಾಕೆ, ಯಾರ ಹೊಣೆ, ಇಷ್ಟು ಬರೆದು ಮೇಡಂ ಸಹಿ ಹಾಕಿದ ಅನುಮತಿ ಚೀಟಿ ಇಲ್ಲದೆ ಒಂದು ಮೊಳೆಯೂ ಒಳಗೆ ಬರುವಂತಿಲ್ಲ. ಬಾಡಿಗೆದಾರರು ಗೊಣಗಿದರು. ಅಳಿಯ, ‘ಏನ್ ಮಚ್ಚಾ, ಪಾಸ್‌ಪೋರ್ಟ್ ಆಫೀಸಾ ಇದು?’ ಎಂದ. ಗೋಡೆಗೆ ಗಡಿಯಾರ ನೇತುಹಾಕಲು ಕೂಡ ನಾನು ಚೀಟಿ ಹಿಡಿದು ಓಡಬೇಕಾಯಿತು. ವಾಕಿಟಾಕಿಯ ಕಾಲದಲ್ಲಿ ಕೂತಲ್ಲಿಂದಲೇ ಲೋಕ ಆಳುತ್ತಿದ್ದವನ ತೊಡೆ ನೋಯತೊಡಗಿತು. ಆದರೆ ಬಾಯಿ ಮುಚ್ಚಿಕೊಂಡೆ. ನನ್ನ ಮನೆಯವರು ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ಎರಡನೇ ಸಲ ಬಂದಾಗ ಪರೀಕ್ಷಕರು ಮೆಟ್ಟಿಲ ಹತ್ತಿರಕ್ಕೇ ಹೋಗಲಿಲ್ಲ. ಮೇಡಂ ಕೋಣೆಯಲ್ಲಿ ಕೂತು, “ಅಮ್ಮಾ, ನನ್ನ ಡ್ರೈವರ್ ಹತ್ರ ಒಂದು ಪೆಟ್ಟಿಗೆ ಇದೆ. ಅದನ್ನ ಗೇಟಿಂದ ಒಳಗೆ ಬಿಡೋಕೆ ಹೇಳಿ,” ಎಂದರು. ಮೇಡಂ ಚೀಟಿ ಪುಸ್ತಕಕ್ಕೆ ಕೈ ಹಾಕಿದರು. “ಚೀಟಿ ಬೇಡ. ವಾಕಿಟಾಕಿಯಲ್ಲಿ ಹೇಳಿ ನೋಡೋಣ.”

ಮೇಡಂ ಹೇಳಿದರು. “ರುದ್ರಪ್ಪ, ಡ್ರೈವರ್ ಕಡೆ ಒಂದು ಪೆಟಗಿ ಅದ, ಒಳಗ ಬಿಡ್ರಿ.”

ಅತ್ತಲಿಂದ ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ರುದ್ರಪ್ಪ, “ಲೇ ಮಂಜ, ಸಾಕು ಮಾಡೋ ಮಗಾ. ಒಂದ್ಸಲ ಮರ್ಯಾದೆ ತೆಗ್ದಿದ್ದೀಯಲ್ಲ, ಸಾಲ್ದಾ?”

“ರುದ್ರಪ್ಪ, ನಾನು ಸುಮಂಗಲಾರೀ!”

“ಹೂಂ, ನಾನು ಗವರ್ನರು. ಚೀಟಿ ಕಳ್ಸು.”

ನಾನು ಬಾಗಿಲ ಬಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಇದು ನನ್ನದಲ್ಲ ಎಂದು ಪರೀಕ್ಷಕರಿಗೆ ಕಣ್ಣಲ್ಲೇ ಸಾರುತ್ತಿದ್ದೆ. ಮೇಡಂ ಎದ್ದು ಸ್ವತಃ ಗೇಟಿಗೆ ಹೋದರು, ನಾವಿಬ್ಬರೂ ಹಿಂದೆ. ರುದ್ರಪ್ಪ ಅವರನ್ನು ಕಂಡು ಸ್ಟೂಲಿನಿಂದ ಜಿಗಿದು ಸಲ್ಯೂಟ್ ಹೊಡೆದ. ಮುಖ ಸುಣ್ಣವಾಗಿತ್ತು. ಆದರೆ ಸಲ್ಯೂಟಿನಿಂದ ಇಳಿದ ಕೈ ಹಾಗೆಯೇ ಮುಂದಕ್ಕೆ ಚಾಚಿಕೊಂಡಿತು. “ತಪ್ಪು ತಿಳ್ಕೋಬೇಡಿ ಮೇಡಂ, ಚೀಟಿ?”

ಪರೀಕ್ಷಕರು ಅಲ್ಲೇ ನಕ್ಕರು. ಸದ್ದು ಮಾಡಿ ನಕ್ಕರು. ಆ ಪೆಟ್ಟಿಗೆಯಲ್ಲಿ ಅವರ ಊಟವಿತ್ತಂತೆ.

ಮೇಡಂ ಪಾಸಾದರು. ಕಂಪನಿ ಬಂತು. ನಾಮಫಲಕದಲ್ಲಿ ನಾನು ಕಾಯ್ದಿರಿಸಿದ್ದ ಜಾಗದಲ್ಲಿ ಅಕ್ಷರಗಳು ಕೂತವು. ಅಂಟಿಸಿದವನು ನಾನೇ, ಈ ಸಲ ನೆಟ್ಟಗೆ.

ಅದಾಗಿ ಸ್ವಲ್ಪ ದಿನಕ್ಕೆ ಅಳಿಯನಿಗೆ ಹೊಸ ಆಸೆ ಹುಟ್ಟಿತು. ಹಿಂದಿನ ಮೆಟ್ಟಿಲು ನೆಲಕ್ಕೆ ಇಳಿಯುವಲ್ಲಿ ಒಂದಿಷ್ಟು ಜಾಗವಿದೆ. ಅದಕ್ಕೆ ಶಟರು ಹಾಕಿ ಹೋಟೆಲಿನ ಉಗ್ರಾಣ ಮಾಡಿಕೊಳ್ಳುವುದು. ಮಾವನವರು ಮೇಡಂ ಅವರನ್ನು ಮರದ ಕೆಳಗೆ ಕರೆಸಿದರು. ನಾನು ಛತ್ರಿ ಹಿಡಿಯುವ ನೆಪದಲ್ಲಿ ಜೊತೆಗೆ ಹೋದೆ.

“ಬ್ಯಾಡ್ರಿ,” ಎಂದರು ಮೇಡಂ. ಪೆನ್ನು ಇರಲಿಲ್ಲ, ಕುಟುಕಲು ಮೇಜೂ ಇರಲಿಲ್ಲ.

“ಕಟ್ಟಡ ನಂದು ಕಣವ್ವ.”

“ಕಟ್ಟಡ ನಿಮ್ದರಿ. ಮೆಟ್ಟಲಾ ಮ್ಯಾಲಿನ ಮಂದೀದು.”

ಮಾಲೀಕರು ಎಲೆಗೆ ಸುಣ್ಣ ಹಚ್ಚುತ್ತ, ಹಳೆಯ ಮಾಹಿತಿಯನ್ನು ಹಳೆಯ ಧಾಟಿಯಲ್ಲೇ ಕೊಟ್ಟರು. “ಆಗಾಕಿಲ್ಲ ಅಂದ್ರೆ ಏಳವ್ವ. ಗೇಟಾಚೆ ಸಾಲ್‌ಗಟ್ಟಿ ನಿಂತವ್ರೆ.”

“ಕರಕೊಂಡ್ ಬರ್ರಿ,” ಎಂದರು ಮೇಡಂ. ದನಿ ಏರಿಸಲಿಲ್ಲ. “ಆದ್ರ ಮ್ಯಾಲಿನ ಕಂಪನಿಯವ್ರ ಕರಾರಿನಾಗ ಪರೀಕ್ಷಾ ಪಾಸಾದವ್ರs ಬೇಕಂತ ಅದ. ನನ್ನ ತೆಗದು ಯಾರನ್ನ ತರ್ತೀರೋ ಅವರೂ ಇದs ಪುಸ್ತಕಾ ಓದಿರ್ತಾರ, ಇದs ಮಾತಿಗೆ ಸಹಿ ಮಾಡಿರ್ತಾರ. ಅವರೂ ಬ್ಯಾಡ್ರಿ ಅಂತಾರ. ಅವರನ್ನೂ ತೆಗೀರಿ, ಮತ್ತೊಬ್ರು ಬರ್ತಾರ. ಅವರೂ ಅದನ್ನs ಅಂತಾರ.”

ಚಿಕ್ಕಮುನಿಯಪ್ಪನವರ ಬೆರಳು ಎಲೆಯ ಮೇಲೆ ನಿಂತಿತು. ಗೇಟಿನಾಚೆಯ ಸಾಲು ಅಲ್ಲೇ ಮಾಯವಾದದ್ದನ್ನು ನಾನು ಕಣ್ಣಾರೆ ಕಂಡೆ. ಸುಣ್ಣದ ಡಬ್ಬಿ ಮುಚ್ಚಿ ಅವರು, “ಮಂಜ, ಆಯಮ್ಮಂಗೆ ಒಂದು ಕುರ್ಚಿ ತಕ್ಕಂಬಾ,” ಎಂದರು. ಅಷ್ಟು ವರ್ಷದಲ್ಲಿ ಆ ಮರದ ಕೆಳಗೆ ಎರಡನೇ ಕುರ್ಚಿ ಹಾಕಿದ್ದು ಆವತ್ತೇ. ಅದರ ಮುಂದಿನ ವಾರ ತಂದೂರಿ ಒಲೆಯೂ ಹೋಯಿತು, ತೆಗೆಯಿರಿ ಎಂದು ಯಾರೂ ಕೇಳಿರಲಿಲ್ಲ.

ಹೊಸಬರೇ, ಪರೀಕ್ಷೆಯ ಬೆಲೆ ಏನು ಎಂದು ನೀವು ಕೇಳಿದರೆ ನನಗೆ ಗೊತ್ತಿರುವುದು ಇಷ್ಟೆ. ಮೊದಲು ಅವರು ಒಬ್ಬರೇ ಬೇಡ ಎನ್ನುತ್ತಿದ್ದರು. ಆಮೇಲೆ ಅವರ ಹಿಂದೆ ಮುಖ ಕಾಣದ ಬಹಳ ಜನ ನಿಂತು ಬೇಡ ಎನ್ನುತ್ತಿದ್ದರು.

ಮೇಡಂ ಹುಬ್ಬಳ್ಳಿಗೆ ಹೊರಟದ್ದು ಅಲ್ಲಿಂದ ಒಳ್ಳೆಯ ಕರೆ ಬಂತೆಂದು, ತಂಗಿಯ ಮನೆ ಹತ್ತಿರವೆಂದು. ಹೋಗುವ ದಿನ ಪರೀಕ್ಷೆಯ ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟರು. “ತುಂಬ್ರಿ. ಈ ಕುರ್ಚಿ ನಿಮಗs ಬರಬೇಕು.” ನಾನು ಅರ್ಜಿಯನ್ನು ಎತ್ತಿ ಹಿಡಿದು ಅವರದೇ ದನಿಯಲ್ಲಿ “ಬ್ಯಾಡ್ರೀ” ಎಂದೆ. ಅವರು ನಕ್ಕರು. ಈ ಸಲವೂ ಕಣ್ಣು ಕಿಟಕಿಯ ಕಡೆ ಹೋಯಿತು. ತಂದೂರಿ ಒಲೆಯ ದಿನದ ನಗು ಅದು. ನನಗೆ ಅದು ತಿಳಿಯಿತು. ತಿಳಿದೂ ಅರ್ಜಿಯನ್ನು ಡ್ರಾಯರಿಗೆ ಹಾಕಿದೆ. ಓದಿ ಫೇಲಾದರೆ ಎಂಬ ಭಯವನ್ನು ತಮಾಷೆಯಲ್ಲಿ ಸುತ್ತಿಡುವುದು ನನಗೆ ಚೆನ್ನಾಗಿ ಬರುತ್ತದೆ.

ಪಾಸಾದ ಹೊಸ ಮ್ಯಾನೇಜರು ಬಂದ. ನನಗಿಂತ ಚಿಕ್ಕವನು. ಅವನಲ್ಲಿ ಕೊರತೆ ಹುಡುಕಿದೆ, ಸಿಗಲಿಲ್ಲ. ಅಣಕಿಸಲು ನೋಡಿದೆ, ಅವನ ದನಿಯಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ, ಸುಮ್ಮನೆ ಸರಿಯಾಗಿ ಮಾತಾಡುತ್ತಿದ್ದ. ಅಂಥವನ ಕೈಕೆಳಗೆ ಮಿಮಿಕ್ರಿ ಕಲಾವಿದ ಹೇಗೆ ಬದುಕುವುದು? ನಿವೃತ್ತಿ ಘೋಷಿಸಿ, ನನಗೆ ನಾನೇ ಹಾರ ಹಾಕಿಕೊಂಡು ಹೊರಟೆ.

ಈಚೆಗೆ ಅದೇ ಕಟ್ಟಡದ ಲಿಫ್ಟಿಗೆ ನನ್ನ ದನಿ ಹಾಕಿದ್ದಾರೆಂದು ಸ್ಟುಡಿಯೋದವರು ಹೇಳಿದರು. ಸಹಕಾರನಗರಕ್ಕೆ ಬೇರೆ ಕೆಲಸಕ್ಕೆ ಹೋದವನು ಹಾಗೆಯೇ ಅತ್ತ ತಿರುಗಿದೆ. ಗೇಟಿನಲ್ಲಿ ರುದ್ರಪ್ಪ ಅಪ್ಪಿಕೊಂಡ, ಆಮೇಲೆ ಚೀಟಿ ಕೇಳಿದ. ಲಿಫ್ಟಿನಲ್ಲಿ ಒಬ್ಬನೇ ನಿಂತೆ. ಬಾಗಿಲು ಮುಚ್ಚುತ್ತಿದೆ ಎಂದು ನಾನು ನನಗೆ ಹೇಳಿದೆ. ಹಿಂದಿನ ಮೆಟ್ಟಿಲಿಗೆ ಹೋಗಿ ಪ್ರತಿ ಮಹಡಿಯ ಕಬ್ಬಿಣದ ಬಾಗಿಲನ್ನು ತಳ್ಳಿ ನೋಡುತ್ತ ಇಳಿದೆ. ಒಂದೊಂದೂ ಸಲೀಸಾಗಿ ತೆರೆದು, ತಾನೇ ತಾನಾಗಿ ಮುಚ್ಚಿಕೊಂಡಿತು. ಒಂದು ಕಡೆಯೂ ಇಟ್ಟಿಗೆ ಇಲ್ಲ, ಕುರ್ಚಿ ಇಲ್ಲ. ಮೇಡಂ ಹೋಗಿ ಇಷ್ಟು ಕಾಲವಾದರೂ ಅಲ್ಲಿ ಅವರೇ ಇದ್ದರು. ನಾನು ಮಾತ್ರ ಇರಲಿಲ್ಲ.

ಚಿಕ್ಕಮುನಿಯಪ್ಪನವರು ಹೊಂಗೆಯ ಕೆಳಗೇ ಇದ್ದರು, ತುಸು ಬಾಗಿದ್ದಾರೆ. ಎರಡನೇ ಕುರ್ಚಿ ಖಾಲಿಯಿತ್ತು, ಕೂತೆ. ಆ ಹೊಸ ಮ್ಯಾನೇಜರು ಬೇರೆಡೆಗೆ ಹೋಗುತ್ತಿದ್ದಾನೆ, ಕುರ್ಚಿ ಮತ್ತೆ ಖಾಲಿಯಾಗುತ್ತದೆ ಎಂದರು. ನನ್ನ ಎದೆ ಜನರೇಟರಿನಂತೆ ಕೆಮ್ಮಿತು.

“ಸಾರ್, ನಾನೇ ಬರ್ತೀನಿ. ಕಟ್ಟಡದ ಒಂದೊಂದು ನಲ್ಲಿನೂ ನಂಗೆ ಗೊತ್ತು. ಆ ಕುರ್ಚಿ ನಂಗೇ ಕೊಡಿ.”

ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ, “ಆಯಮ್ಮ ಏಳ್ತಿತ್ತಲ್ಲ, ಬ್ಯಾಡ್ರಿ ಅಂತ. ಒಂದ್ಸಲ ಏಳ್ಲಾ, ಕೇಳಾನ,” ಎಂದರು.

ಕಣ್ಣು ಮುಚ್ಚಿದೆ. ಕುರ್ಚಿಯ ಕೈಗೆ ಬೆರಳಿನಿಂದ ಒಂದು ಕುಟುಕು, ಮೂಗಿನಿಂದ ಸಣ್ಣ ಉಸಿರು. “ಬ್ಯಾಡ್ರೀ.” ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಗೇಟಿನಲ್ಲಿ ರುದ್ರಪ್ಪ ಎದ್ದು ನಿಂತುಬಿಟ್ಟ.

ಚಿಕ್ಕಮುನಿಯಪ್ಪನವರು ತಲೆ ಅಲ್ಲಾಡಿಸಿದರು.

“ದನಿ ಅದೇ ಕಣ್ಲಾ. ಆದ್ರೆ ನಂಗೆ ಎದ್ರಿಕೆ ಆಗ್ಲಿಲ್ಲ. ಓಗು, ಪಾಸ್ ಮಾಡ್ಕಂಡ್ ಬಾ.”